ಅಪ್ಪನ ಜೊತೆ ಬೂತ್ ಒಳಗೆ ಈ ಸಲ ಯಾರು ಹೋಗೋದು?

ಸೊರಬದ ಕಿರಿಮಗ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದವ್ರು ಓದಿ. ನಮ್ದು ಸೊರಬ ತಾಲ್ಲೂಕು, ಊರಿನ ಹೆಸರು ಬೇಡ, ಹೇಳಿದ್ರೆ ಅರ್ಧ ಗಂಟೇಲಿ ಅಪ್ಪಂಗೆ ಫೋನ್ ಹೋಗುತ್ತೆ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದೀನಿ, ಅಣ್ಣ ಊರಲ್ಲಿ ತೋಟ ಗದ್ದೆ ನೋಡ್ಕೊಂಡು ಅಪ್ಪ ಅಮ್ಮನ ಜೊತೆ ಇದಾನೆ.

ಅಪ್ಪಂಗೆ ಎಂಬತ್ತರ ಹತ್ರ. ಮೊದಲನೇ ವೋಟ್ ಹಾಕಿದ್ದು 1967ರಲ್ಲಿ, ಆಗೆಲ್ಲ 21 ತುಂಬಿರ್ಬೇಕಿತ್ತು. ಬಂಗಾರಪ್ಪನವ್ರು ಸೊರಬದಿಂದ ಮೊದಲ ಸಲ ಗೆದ್ದಿದ್ದೂ ಅದೇ ಎಲೆಕ್ಷನ್ನಲ್ಲಿ, ಸೋಷಲಿಸ್ಟರಾಗಿ. ಅಲ್ಲಿಂದ ಅಪ್ಪ ಅವ್ರನ್ನ ಹಿಡ್ಕೊಂಡವ್ರು ಬಿಡ್ಲೇ ಇಲ್ಲ. ಅವ್ರು ಕಾಂಗ್ರೆಸ್ಸಿಗೆ ಹೋದ್ರೆ ಅಪ್ಪನೂ ಕಾಂಗ್ರೆಸ್ಸು, ಕ್ರಾಂತಿರಂಗ ಅಂದ್ರೆ ಕ್ರಾಂತಿರಂಗ, ವಾಪಸ್ ಕಾಂಗ್ರೆಸ್ಸು, ಮುಖ್ಯಮಂತ್ರಿ ಆದ್ರು, ಇಳಿದ್ರು, ಕೆಸಿಪಿ ಅಂತ ಸ್ವಂತ ಪಾರ್ಟಿ ಕಟ್ಟಿದ್ರು, 1996ರಲ್ಲಿ ಅದ್ರಿಂದ ಎಂಪಿ ಆದ್ರು, ಆಮೇಲೆ ಕೆವಿಪಿ ಅಂತ ಇನ್ನೊಂದು ಪಾರ್ಟಿ, 1998ರಲ್ಲಿ ಆಯನೂರು ಮಂಜುನಾಥ್ ಎದುರು ಸೋತ್ರು, 1999ರಲ್ಲಿ ಮತ್ತೆ ಕೈ, 2004ರಲ್ಲಿ ಕಮಲ, ಒಂದೇ ವರ್ಷದಲ್ಲಿ ಅದನ್ನೂ ಬಿಟ್ಟು 2005ರ ಬೈ ಎಲೆಕ್ಷನ್ನಲ್ಲಿ ಸಮಾಜವಾದಿ ಪಾರ್ಟಿ ಸೈಕಲ್ಲು, 2009ರಲ್ಲಿ ಮತ್ತೆ ಕೈ. ಇಷ್ಟಕ್ಕೂ ಅಪ್ಪ ವೋಟ್ ಹಾಕಿದಾರೆ. ಸೈಕಲ್ ಗುರುತು ನಮ್ಮೂರಲ್ಲಿ ಅದಕ್ಕಿಂತ ಮುಂಚೆ ಯಾರೂ ನೋಡೇ ಇರ್ಲಿಲ್ಲ, ಅಪ್ಪ ಮನೆ ಮನೆಗೆ ಹೋಗಿ ಸೈಕಲ್ಲು ಸೈಕಲ್ಲು ಅಂತ ಹೇಳ್ಕೊಂಡು ಬಂದಿದ್ರು. ಯಾರಾದ್ರೂ ನೀನೇನೋ ಹಿಂಗೆ ಪಾರ್ಟಿ ಬದಲಾಯಿಸ್ತೀಯ ಅಂತ ಕೇಳಿದ್ರೆ ಸಿಟ್ಟು ಬರ್ತಿತ್ತು, ನಾನು ಪಾರ್ಟಿಗೆ ಯಾವತ್ತು ಹಾಕಿದೀನೋ ಅಂತ ಕೇಳ್ತಿದ್ರು.

2011ರ ಡಿಸೆಂಬರಲ್ಲಿ ಬಂಗಾರಪ್ಪನವ್ರು ತೀರ್ಕೊಂಡ್ರು. ಅಲ್ಲಿಂದ ನಮ್ಮ ಕಥೆ ಶುರು. 2013ರಲ್ಲಿ ಅವ್ರ ಮಗ ಮಧು ಜೆಡಿಎಸ್ಸಿಂದ ನಿಂತಾಗ ತೆನೆಗೆ ಹಾಕಿದ್ರು, ಅದು ಗೊತ್ತು. 2018ರಲ್ಲಿ ಮಧು ಅಣ್ಣ ಕುಮಾರ್ ಬಿಜೆಪಿಯಿಂದ, ಮಧು ಜೆಡಿಎಸ್ಸಿಂದ, ಆವಾಗ ಯಾರಿಗೆ ಅಂತ ಹೇಳಲೇ ಇಲ್ಲ. ಅಷ್ಟೊತ್ತಿಗೆ ಗ್ಲಾಕೋಮಾ ಶುರುವಾಗಿತ್ತು, ಈಗಂತೂ ಎದುರಿಗಿದ್ದವ್ರ ಮುಖನೂ ದನಿ ಕೇಳಿ ಗುರುತು ಹಿಡಿಯೋದು. ಹಂಗಾಗಿ 2023ರ ಅಸೆಂಬ್ಲಿಗೆ ಅಣ್ಣ ಜೊತೆಗೆ ಹೋದ, ಕೈಗೆ ಒತ್ತಿದ್ರಂತೆ, ಮಧು ಗೆದ್ದು ಮಂತ್ರಿನೂ ಆದ್ರು. ಅಣ್ಣ ಊರಲ್ಲಿ ಕಾಂಗ್ರೆಸ್ ಕಡೆ ಓಡಾಡೋನು, ಅವನಿಗೆ ಕುಷಿ.

2024ರ ಲೋಕಸಭೆಗೆ ಅಣ್ಣಂಗೆ ಅವತ್ತು ಬೇರೆ ಬೂತಲ್ಲಿ ಏಜೆಂಟ್ ಡ್ಯೂಟಿ, ನಾನು ಕರ್ಕೊಂಡು ಹೋದೆ. ಕಾಂಗ್ರೆಸ್ಸಿಂದ ನಿಂತಿದ್ದು ಗೀತಾ ಶಿವರಾಜ್‌ಕುಮಾರ್, ಬಂಗಾರಪ್ಪನವ್ರ ಸ್ವಂತ ಮಗಳು. ಅಪ್ಪ ಒಳಗೆ ಹೋಗಿ, ಕಿವಿನೂ ಮಂದ ಅಲ್ವಾ, ಇಡೀ ಬೂತಿಗೆ ಕೇಳೋ ಹಂಗೆ "ಕಮಲ ಎಷ್ಟನೇದು ಮಗಾ" ಅಂದ್ರು. ಏಜೆಂಟ್‌ಗಳೆಲ್ಲ ತಲೆ ಎತ್ತಿ ನೋಡಿದ್ರು. ನಾನು ಬೆರಳು ಹಿಡಿದು ತೋರ್ಸಿದೆ, ಒತ್ತಿದ್ರು, ಬೀಪ್ ಬಂತು, ಮುಗೀತು.

ಸಂಜೆಯೊಳಗೆ ಅಣ್ಣಂಗೆ ಗೊತ್ತಾಯ್ತು. ನಾನೇ ತಲೆ ಕೆಡಿಸಿದೀನಿ, ಬೆರಳು ಹಿಡಿದು ಬೇರೆ ಕಡೆ ಒತ್ಸಿದೀನಿ ಅಂತ ಅವನ ವಾದ. ನಾನು ಯಾವ ಪಾರ್ಟಿನೂ ಅಲ್ಲ ಮಾರಾಯ್ರೆ. ಅಪ್ಪನ್ನ ಕೇಳಿದ್ರೆ ಎಂತ ಹೇಳ್ತಾರೆ ಗೊತ್ತಾ, ಇಲ್ಲಿಗೆ ಬೇರೆ ಡೆಲ್ಲಿಗೆ ಬೇರೆ, ಅಷ್ಟೇ. ಅಣ್ಣ ಕೇಳಲ್ಲ, ಇದೆಲ್ಲ ಟಿವಿ ಮಹಿಮೆ ಅಂತಾನೆ, ಟಿವಿ ಅಂತೂ ಬೆಳಗಿಂದ ರಾತ್ರಿವರೆಗೆ ಓಡ್ತಿರುತ್ತೆ, ಅದು ನಿಜ. ಈಗ ಪಂಚಾಯ್ತಿ ಎಲೆಕ್ಷನ್ ಮಾತು ಬಂದಾಗೆಲ್ಲ ಮನೇಲಿ ಅದೇ ಜಗಳ, ಅಪ್ಪನ ಜೊತೆ ಒಳಗೆ ಯಾರು ಹೋಗೋದು ಅಂತ. ಅಪ್ಪ ಇಬ್ರೂ ಬೇಡ, ನಾನೇ ಹೋಗ್ತೀನಿ ಅಂತಾರೆ. ಕಣ್ಣು ಕಾಣಲ್ವಲ್ಲ, ಹೆಂಗೆ ಹೋಗ್ತಾರೆ?

ಎರಡು ಪ್ರಶ್ನೆ. ಒಂದು, ನಿಮ್ಮನೆ ಹಿರಿಯರೂ ಹಿಂಗೆ ಬದಲಾಗಿದಾರಾ, ನೀವು ಅದನ್ನ ಹೆಂಗೆ ತಗೊಂಡ್ರಿ. ಎರಡು, ಜೊತೆಗೆ ಹೋಗೋದಕ್ಕೆ ರೂಲ್ಸ್ ಏನಿದೆ.

ರಾಶಿ ಇಡಿ:

ನಿಮ್ಮಪ್ಪಂಗೆ ನಂದೊಂದು ನಮಸ್ಕಾರ ಹೇಳಿ. ಸೈಕಲ್ ಎಲೆಕ್ಷನ್ ನೆನಪಾಗಿ ನಗು ಬಂತು. ನಾವು ಸಾಗರದ ಕಡೆಯವ್ರು, ನಮ್ಮ ಅಜ್ಜನ ಕಥೆ ಕೇಳಿ.

ಅಜ್ಜ ಗೇಣಿದಾರ. ಕಾಗೋಡು ಸತ್ಯಾಗ್ರಹ ಆಗಿದ್ದು 1951ರಲ್ಲಿ, ಗೇಣಿ ಅಳೆಯೋ ಕೊಳಗದ ವಿಷಯಕ್ಕೇ ಅಲ್ವಾ ಅದು ಹೊತ್ಕೊಂಡಿದ್ದು, ಒಡೆಯರ ಕೊಳಗ ದೊಡ್ಡದು ಅಂತ. ಗಣಪತಿಯಪ್ಪನವ್ರು ಮುಂದೆ ನಿಂತಿದ್ರು, ಲೋಹಿಯಾ ಅಲ್ಲಿವರೆಗೂ ಬಂದು ಅರೆಸ್ಟ್ ಆದ್ರು. ಮಾರನೇ ವರ್ಷ 1952ರಲ್ಲಿ ಶಾಂತವೇರಿ ಗೋಪಾಲಗೌಡ್ರು ಗೆದ್ರು. ಅಜ್ಜಂಗೆ ಸೋಷಲಿಸ್ಟ್ ಅಂದ್ರೆ ದೇವ್ರು. ಆದ್ರೆ ಜಮೀನು ಕೈಗೆ ಬಂದಿದ್ದು ಯಾವಾಗ? ದೇವರಾಜ ಅರಸು ಭೂ ಸುಧಾರಣೆ ಕಾನೂನು 1974ರಲ್ಲಿ ಜಾರಿ ಆದ್ಮೇಲೆ, ಗೇಣಿದಾರರ ಅರ್ಜಿ ಫಾರಂ ನಂಬರ್ 7 ಕೊಟ್ಟು, ಟ್ರಿಬ್ಯುನಲ್ ಮುಂದೆ ನಿಂತು. ಜಮೀನಿನ ಆಸೆ ಹುಟ್ಸಿದ್ದು ಸೋಷಲಿಸ್ಟ್ರು, ಪತ್ರ ಬಂದಿದ್ದು ಕಾಂಗ್ರೆಸ್ ಕಾಲದಲ್ಲಿ. ಅಜ್ಜ ಅಲ್ಲಿಂದ ಸಾಯೋವರೆಗೆ ಕೈ. ಕಾಗೋಡು ತಿಮ್ಮಪ್ಪನವ್ರೇ ಸೋಷಲಿಸ್ಟಿಂದ ಕಾಂಗ್ರೆಸ್ಸಿಗೆ ಬಂದ್ರಲ್ಲ, ಅಜ್ಜಂಗೆ ಅದು ಪಕ್ಷಾಂತರ ಅಂತ ಅನ್ನಿಸಲೇ ಇಲ್ಲ.

ಈಗ ನಮ್ಮಪ್ಪ. ಅದೇ ಜಮೀನು, ಅದ್ರಲ್ಲಿ ಅಡಿಕೆ ಹಾಕಿ ನಮ್ಮನ್ನೆಲ್ಲ ಓದ್ಸಿದ್ರು, ಅವ್ರು ಪಕ್ಕಾ ಬಿಜೆಪಿ. ಅಜ್ಜನ ಫೋಟೋ ಕೆಳಗೇ ಕೂತ್ಕೊಂಡು ಕಾಂಗ್ರೆಸ್ಸಿಗೆ ಬೈತಾರೆ. ನಾನು ಒಂದ್ಸಲ ಕೇಳಿದೆ, ಈ ಜಮೀನು ಬಂದಿದ್ದು ಯಾರಿಂದ ಅಂತ. ಅದಕ್ಕೆ ಅಪ್ಪ, ಅದರ ಋಣ ನಮ್ಮಪ್ಪ ನಲವತ್ತು ವರ್ಷ ತೀರ್ಸಿದಾನೆ, ನಂದೇನು ಬಾಕಿ ಇಲ್ಲ ಅಂದ್ರು. ನಂಗೆ ತಿರುಗಿ ಹೇಳೋಕೆ ಮಾತೇ ಇರ್ಲಿಲ್ಲ. ಈಗ್ಲೂ ಇಲ್ಲ.

ಆದ್ರೆ ಬಿಜೆಪಿ ಅಂತ ಕಣ್ಣು ಮುಚ್ಕೊಂಡು ಇಲ್ಲ ಅವ್ರು. 2022ರಲ್ಲಿ ಭೂತಾನಿಂದ 17 ಸಾವಿರ ಟನ್ ಹಸಿ ಅಡಿಕೆ ತರೋಕೆ ಕೇಂದ್ರ ಬಿಟ್ಟಾಗ ಮನೇಲಿ ಟಿವಿ ಆಫ್ ಮಾಡಿದ್ರು, ಒಂದು ವಾರ ನ್ಯೂಸ್ ಇಲ್ಲ. ಮಾರನೇ ವರ್ಷ ಅಡಿಕೆಯ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351ಕ್ಕೆ ಏರ್ಸಿದ್ರು ನೋಡಿ, ಟಿವಿ ಮತ್ತೆ ಆನ್. 2023ರಲ್ಲಿ ಅಸೆಂಬ್ಲಿಗೆ ಕಾಂಗ್ರೆಸ್ಸಿನ ಬೇಳೂರು ಗೋಪಾಲಕೃಷ್ಣಂಗೆ ಹಾಕಿದಾರೆ ಅಂತ ನಂಗೆ ಡೌಟು, ಯಾಕಂದ್ರೆ ಹಿಂದೆ ಅವ್ರು ಬಿಜೆಪಿಯಿಂದ ಎರಡು ಸಲ ಎಂಎಲ್ಎ ಆಗಿದ್ದಾಗ್ಲೂ ಅಪ್ಪ ಅವ್ರಿಗೇ ಹಾಕಿದ್ದು. ಪಾರ್ಟಿ ಬೇರೆ ಆಯ್ತು, ಆಳು ಅದೇ. ಸಾಗರದಲ್ಲಿ ಇದನ್ನೆಲ್ಲ ಲೆಕ್ಕ ಇಡೋಕೆ ಹೋದ್ರೆ ತಲೆ ಕೆಡುತ್ತೆ, ಬಿಡಿ.

ಖಾರಪುಡಿ:

ಇಷ್ಟೆಲ್ಲ ಯಾಕೆ ಪುರಾಣ. ವಯಸ್ಸಾದವ್ರು ಟಿವಿಲಿ ತೋರ್ಸಿದ್ದು ನಂಬ್ತಾರೆ, ಕೊಟ್ಟಿದ್ದು ಇಸ್ಕೊಂಡು ಹೇಳಿದ ಕಡೆ ಒತ್ತುತಾರೆ. ಪಾರ್ಟಿ ನಿಷ್ಠೆ ಅಂತೆ. 75 ಆದ್ಮೇಲೆ ವೋಟ್ ತೆಗೀಬೇಕು.

ರಾಶಿ ಇಡಿ:

ಖಾರಪುಡಿ ಅವ್ರೆ, ಆ ವಯಸ್ಸಿನವ್ರು ಕೊಳಗ ಹಿಡ್ಕೊಂಡು ಜೈಲಿಗೆ ಹೋದವ್ರ ಮಕ್ಕಳು. ನೀವು ರೀಲ್ ನೋಡ್ಕೊಂಡು ವೋಟ್ ಹಾಕೋರು ಇವ್ರ ವೋಟ್ ತೆಗಿಯೋ ಮಾತಾಡ್ತೀರ.

ಶಿಕಾರಿಪುರದ ಸೊಸೆ:

ಜಗಳ ಬೇಡಪ್ಪ. ನಮ್ಮ ಅತ್ತೆ ಕಥೆ ಚಿಕ್ಕದು. ಯಡಿಯೂರಪ್ಪನವ್ರು 1983ರಲ್ಲಿ ಮೊದಲ ಸಲ ನಿಂತಾಗಿಂದ ಅತ್ತೆ ಅವ್ರಿಗೇ. 1999ರಲ್ಲಿ ಅವ್ರು ಸೋತಾಗ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಅಂತ ಮಾವ ಈಗ್ಲೂ ಆಡ್ಕೊತಾರೆ. ಕಮಲದ ಚಿತ್ರ ಬಿಟ್ರೆ ಬೇರೆ ಏನೂ ಓದೋಕೆ ಬರಲ್ಲ ಅತ್ತೆಗೆ. 2013ರಲ್ಲಿ ಅವ್ರು ಕೆಜೆಪಿ ಅಂತ ಬೇರೆ ಪಾರ್ಟಿ ಮಾಡ್ಕೊಂಡು ತೆಂಗಿನಕಾಯಿ ಗುರುತು ತಗೊಂಡ್ರಲ್ಲ, ಎಲ್ರೂ ಅಂದ್ರು ಇವ್ರು ಹೋಗಿ ಕಮಲ ಹುಡುಕ್ತಾರೆ ಅಂತ. ಅತ್ತೆ ಹೋಗಿ ತೆಂಗಿನಕಾಯಿ ಒತ್ತಿ ಬಂದ್ರು. ಮಾರನೇ ವರ್ಷ ಲೋಕಸಭೆಗೆ ವಾಪಸ್ ಕಮಲ. ಅವ್ರಿಗೆ ಯಾರು ಹೇಳ್ಕೊಟ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಗುರುತು ನೋಡಿ ಹಾಕೋರು ಅಂತ ನಾವು ತಿಳ್ಕೊಂಡಿರ್ತೀವಿ, ಅಷ್ಟು ಸಸಾರ ಇಲ್ಲ ಅವ್ರು.

ಈಗ ಮಗ ವಿಜಯೇಂದ್ರ ನಿಂತಾಗ ಮಾತ್ರ ಅತ್ತೆ ಸ್ವಲ್ಪ ಯೋಚನೆ ಮಾಡಿದ್ರು. ಅಪ್ಪನ್ನ ನೋಡಿ ಮಗನಿಗೆ ಕೊಡಬೇಕಾ ಅಂತ. ಕೊನೆಗೆ ಏನ್ಮಾಡಿದ್ರೋ ಕೇಳಿಲ್ಲ ನಾನು.

ಇನ್ನೊಂದು ಮಾತು. ಇಲ್ಲಿ ಎಲ್ರೂ ಅಪ್ಪ ಅಜ್ಜ ಅಂತ ಬರೀತಿದೀರಲ್ಲ. ಕಿರಿಮಗ ಅವ್ರೆ, ನಿಮ್ಮಮ್ಮ ಯಾರಿಗೆ ಹಾಕಿದ್ರು? ನಿಮ್ಮ ಪೋಸ್ಟಲ್ಲಿ ಅಮ್ಮ ಒಂದೇ ಸಲ ಬಂದಿದಾರೆ, ಅದೂ "ಅಪ್ಪ ಅಮ್ಮನ ಜೊತೆ ಇದಾನೆ" ಅಂತ.

ಆಗುಂಬೆ ಮಳೆ:

ತೀರ್ಥಹಳ್ಳಿಯಿಂದ. ಇಲ್ಲಿಗೆ ಬೇರೆ ಡೆಲ್ಲಿಗೆ ಬೇರೆ ಅಂದ್ರಲ್ಲ ನಿಮ್ಮಪ್ಪ, ಅದನ್ನ ನೀವು ಟಿವಿ ಮಾತು ಅಂತ ತಳ್ಳಿ ಹಾಕ್ಬೇಡಿ, ಅದು ಕರ್ನಾಟಕದ ಹಳೇ ಚಾಳಿ. 1984ರ ಡಿಸೆಂಬರಲ್ಲಿ ಇಂದಿರಾಗಾಂಧಿ ಸತ್ತ ಮೇಲೆ ನಡೆದ ಲೋಕಸಭೆಲಿ ನಮ್ಮ ರಾಜ್ಯದ 28ರಲ್ಲಿ 24 ಕಾಂಗ್ರೆಸ್ಸು. ಆಗ ಮುಖ್ಯಮಂತ್ರಿ ಆಗಿದ್ದ ಜನತಾ ಪಾರ್ಟಿಯ ರಾಮಕೃಷ್ಣ ಹೆಗಡೆ, ಜನ ನಮ್ಮ ಮೇಲೆ ನಂಬಿಕೆ ಕಳ್ಕೊಂಡಿದಾರೆ ಅಂತ ಸರ್ಕಾರ ಬಿಟ್ಟು ಎಲೆಕ್ಷನ್ನಿಗೆ ಹೋದ್ರು, ಎರಡೇ ಮೂರು ತಿಂಗಳಲ್ಲಿ ಅದೇ ಜನ ಜನತಾಕ್ಕೆ 139 ಸೀಟ್ ಕೊಟ್ರು. ಆಗ ಮನೇಲಿ ನ್ಯೂಸ್ ಚಾನೆಲ್ ಇತ್ತಾ, ವಾಟ್ಸಾಪ್ ಇತ್ತಾ? ನಮ್ಮಮ್ಮ ಆ ಎರಡೂ ಎಲೆಕ್ಷನ್ನಲ್ಲಿ ಬೇರೆ ಬೇರೆ ಕಡೆ ಹಾಕಿದವ್ರೇ, ಹೆಬ್ಬೆಟ್ಟು ಒತ್ತಿ ಬ್ಯಾಲೆಟ್ ಇಸ್ಕೊಂಡವ್ರು.

ಈಚೆಗೂ ಅದೇ ನೋಡಿ, 2013ರಲ್ಲಿ ಕಾಂಗ್ರೆಸ್ 122, ಮುಂದಿನ ವರ್ಷವೇ ಲೋಕಸಭೆಲಿ ಬಿಜೆಪಿ 17. 2023ರಲ್ಲಿ ಕಾಂಗ್ರೆಸ್ 135, ಮುಂದಿನ ವರ್ಷ ಮತ್ತೆ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಇಷ್ಟು ಜನದ ತಲೆನೆಲ್ಲ ನೀವು ಕೆಡ್ಸೋಕೆ ಆಗುತ್ತಾ, ನಿಮ್ಮಣ್ಣಂಗೆ ಹೇಳಿ.

ನಮ್ಮನೆ ಜಗಳ ಬೇರೆ ಥರ. ಅಪ್ಪ ಬಿಜೆಪಿಯ ಆರಗ ಜ್ಞಾನೇಂದ್ರ ಅಭಿಮಾನಿ, ಅವ್ರು ಸೋತು ಸೋತು 1994ರಲ್ಲಿ ಗೆದ್ರಲ್ಲ ಆ ಕಾಲದಿಂದ. ಅಮ್ಮ ಕಾಂಗ್ರೆಸ್ಸಿನ ಕಿಮ್ಮನೆ ರತ್ನಾಕರ್ ಕಡೆ. ಇಬ್ರೂ ಒಂದೇ ಜೀಪಲ್ಲಿ ಕೂತು ಹೋಗಿ ಒಬ್ಬರ ವೋಟ್ ಒಬ್ರು ಕ್ಯಾನ್ಸಲ್ ಮಾಡಿ ಬರ್ತಿದ್ರು. ನಾನು ಸಣ್ಣೋನಿದ್ದಾಗ ಹಂಗಿದ್ರೆ ಯಾಕೆ ಹೋಗ್ತೀರಿ, ಮನೇಲೇ ಇರಿ ಅಂದಿದ್ದೆ. ಅಮ್ಮ ಅಂದ್ರು, ನಾನು ಇದ್ರೆ ಅವ್ರು ಇರ್ತಾರೆ ಅಂತ ಏನು ಗ್ಯಾರಂಟಿ?

ನಿಮ್ಮಣ್ಣನ ಸಂಕಟನೂ ನಂಗೆ ಅರ್ಥ ಆಗುತ್ತೆ ಮಾತ್ರ. ಊರಲ್ಲಿ ಪಾರ್ಟಿ ಕೆಲಸ ಮಾಡೋನಿಗೆ ನಿಮ್ಮನೆ ವೋಟೇ ನಿಮ್ದಲ್ಲ ಅಂತ ಎದುರು ಪಾರ್ಟಿಯವ್ರು ಅಂಗಡಿ ಕಟ್ಟೇಲಿ ಆಡ್ಕೊಂಡ್ರೆ ತಲೆ ತಗ್ಗುತ್ತೆ. ಅವನಿಗೆ ಸಿಟ್ಟು ಕಮಲಕ್ಕೆ ಹಾಕಿದ್ದಕ್ಕಲ್ಲ, ಅಷ್ಟು ಜೋರಾಗಿ ಕೇಳಿದ್ದಕ್ಕೆ ಇರ್ಬೇಕು.

ನಿವೃತ್ತ ಮೇಷ್ಟ್ರು:

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಪ್ರಿಸೈಡಿಂಗ್ ಆಫೀಸರ್ ಆಗಿ ಬೇಕಾದಷ್ಟು ಎಲೆಕ್ಷನ್ ಡ್ಯೂಟಿ ಮಾಡಿದೀನಿ, ಹೊಸನಗರದ ಕಾಡೊಳಗಿನ ಬೂತುಗಳಲ್ಲೂ.

ಲೋಕಸಭೆ, ವಿಧಾನಸಭೆಗೆ 1961ರ ಚುನಾವಣಾ ನಡವಳಿ ನಿಯಮಗಳಿವೆ, ಅದರಲ್ಲಿ 49ಎನ್. ಕಣ್ಣು ಕಾಣದವ್ರು ಅಥವಾ ಶರೀರದ ತೊಂದರೆಯಿಂದ ಗುರುತು ಹಿಡಿಯೋಕೆ, ಬಟನ್ ಒತ್ತೋಕೆ ಆಗದವ್ರು ಅಂತ ಪ್ರಿಸೈಡಿಂಗ್ ಆಫೀಸರ್‌ಗೆ ಮನವರಿಕೆ ಆದ್ರೆ ಒಬ್ಬ ಸಂಗಾತಿನ ಒಳಗೆ ಬಿಡ್ತಾರೆ. ಸಂಗಾತಿಗೆ 18 ತುಂಬಿರ್ಬೇಕು. ಒಂದು ದಿನ ಒಬ್ಬರು ಒಬ್ಬ ಮತದಾರನಿಗೆ ಮಾತ್ರ ಸಂಗಾತಿ. ಊರಲ್ಲಿ ಪಾರ್ಟಿಯವ್ರು ಅಜ್ಜಿಯಂದಿರನ್ನೆಲ್ಲ ಸಾಲಾಗಿ ಕೈ ಹಿಡ್ಕೊಂಡು ಬರ್ತಾರಲ್ಲ, ಎರಡನೆಯವ್ರನ್ನ ಕರ್ಕೊಂಡು ಬಂದ ಕೂಡ್ಲೆ ನಾನು ಹೊರಗೆ ಕಳ್ಸ್ತಿದ್ದೆ, ಬೈಸ್ಕೊಂಡಿದ್ದೂ ಇದೆ. ವೋಟನ್ನ ಗುಟ್ಟಾಗಿ ಇಡ್ತೀನಿ ಅಂತ ಸಂಗಾತಿ ಘೋಷಣೆ ಬರೆದು ಸಹಿ ಹಾಕ್ಬೇಕು. ಹೆಸರೆಲ್ಲ ಫಾರಂ 14ಎ ಲಿ ದಾಖಲಾಗುತ್ತೆ. ನಾವು ಸಿಬ್ಬಂದಿ ಯಾರೂ ಸಂಗಾತಿ ಆಗಿ ಒಳಗೆ ಹೋಗೋ ಹಂಗಿಲ್ಲ, ಕೆಲವ್ರು ನೀವೇ ಒತ್ಸಿ ಸಾರ್ ಅಂತಾರೆ, ಆಗಲ್ಲ.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ನಡೆಯೋಕೆ ಮಾತ್ರ ತೊಂದರೆ, ಬಟನ್ ಗುರುತು ಹಿಡಿದು ಒತ್ತೋಕೆ ಆಗುತ್ತೆ ಅಂತಾದ್ರೆ ಸಂಗಾತಿ ಆ ರಟ್ಟಿನ ಮರೆವರೆಗೆ ಮಾತ್ರ, ಮರೆ ಒಳಗಿಲ್ಲ. ಹಂಗಾಗಿ ನಿಮ್ಮ ತಂದೆ ನಾನೇ ಹೋಗ್ತೀನಿ ಅನ್ನೋದು ಹಟ ಅಂತ ತಿಳ್ಕೊಬೇಡಿ, ದಾರಿ ಇದೆ. ಬ್ಯಾಲೆಟ್ ಯೂನಿಟ್ಟಲ್ಲಿ ನೀಲಿ ಬಟನ್ ಪಕ್ಕ ಬ್ರೈಲ್ ಅಂಕಿ ಇರುತ್ತೆ. ಅವ್ರಿಗೆ ಬ್ರೈಲ್ ಬರಲ್ಲ, ಸರಿ, ಆದ್ರೆ ಮೇಲಿಂದ ಬೆರಳಾಡಿಸಿ ಒಂದು ಎರಡು ಮೂರು ಅಂತ ಎಣಿಸಬಹುದಲ್ಲ. ಅಭ್ಯರ್ಥಿಗಳ ಕ್ರಮ ಮೊದಲೇ ಗೊತ್ತಿರುತ್ತೆ, ಮಾನ್ಯತೆ ಇರೋ ಪಕ್ಷದವ್ರು ಮೊದಲು, ಆಮೇಲೆ ಬರೀ ನೋಂದಾಯಿತ ಪಕ್ಷದವ್ರು, ಕೊನೆಗೆ ಪಕ್ಷೇತರರು, ಪ್ರತಿ ಗುಂಪಲ್ಲೂ ಅಕ್ಷರದ ಕ್ರಮ. ಬೂತ್ ಹೊರಗೆ ಪಟ್ಟಿ ಅಂಟಿಸಿರ್ತಾರೆ. ಹಿಂದಿನ ದಿನ ನೀವು ಎಲ್ಲ ಹೆಸರು ಕ್ರಮವಾಗಿ ಓದಿ ಹೇಳಿ, ಎಲ್ಲ ಅಂದ್ರೆ ಎಲ್ಲ, ನೋಟಾವರೆಗೆ. ಯಾರದ್ದು ಎಷ್ಟನೇದು ಅಂತ ಅವ್ರು ಮನಸಲ್ಲಿ ಇಟ್ಕೊತಾರೆ. ಯಾರಿಗೆ ಒತ್ತಿದ್ದು ಅಂತ ತೋರ್ಸೋ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣುತ್ತೆ, ಅವ್ರಿಗೆ ಅದು ಕಾಣಲ್ಲ, ಅದೊಂದು ನಂಬಿಕೆ ಮೇಲೆ ಬಿಡ್ಬೇಕು.

ಮನೆಯಿಂದ ವೋಟ್ ಅಂತ ಇದೆಯಲ್ಲ, 2023ರಲ್ಲಿ 80 ದಾಟಿದವ್ರಿಗಿತ್ತು, 2024ರಲ್ಲಿ 85 ಮಾಡಿದ್ರು. ವಯಸ್ಸಿನ ಲೆಕ್ಕದಲ್ಲಿ ನಿಮ್ಮ ತಂದೆಗೆ ಸದ್ಯ ಸಿಗಲ್ಲ. ಆದ್ರೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಸರ್ಟಿಫಿಕೇಟ್ ಇದ್ರೆ ಅವ್ರೂ ಮನೆಯಿಂದ ವೋಟ್ ಹಾಕೋ ಅರ್ಜಿ, 12ಡಿ ಫಾರಂ, ಕೊಡಬಹುದು, ಗ್ಲಾಕೋಮಾದಿಂದ ದೃಷ್ಟಿ ಅಷ್ಟು ಹೋಗಿದ್ರೆ ಡಾಕ್ಟ್ರ ಹತ್ರ ಕೇಳಿ ನೋಡಿ. ಆದ್ರೆ ನಿಮ್ಮನೆ ಪರಿಸ್ಥಿತಿ ಓದಿದ್ರೆ ಬೂತೇ ವಾಸಿ. ಮನೆಗೆ ತಂಡ ಬಂದು ಜಗಲಿಲಿ ಮರೆ ಕಟ್ಟಿ ಕೂತ್ರೂ ನಿಮ್ಮಣ್ಣ ಪಡಸಾಲೆಲಿ ಕಿವಿ ಇಟ್ಕೊಂಡು ನಿಂತಿರ್ತಾನೆ.

ಪಂಚಾಯ್ತಿ ಎಲೆಕ್ಷನ್ ನಡೆಸೋದು ರಾಜ್ಯ ಚುನಾವಣಾ ಆಯೋಗ, ಅದರ ನಿಯಮ ಬೇರೆ, ಸಂಗಾತಿ ವಿಷಯದಲ್ಲಿ ಪದ್ಧತಿ ಹೆಚ್ಚುಕಮ್ಮಿ ಇದೇ. ಗ್ರಾಮ ಪಂಚಾಯ್ತಿಗೆ ಪಾರ್ಟಿ ಗುರುತೇ ಇರಲ್ಲ, 2020ರಲ್ಲಿ ನಮ್ಮ ಜಿಲ್ಲೇಲಿ ಬ್ಯಾಲೆಟ್ ಪೇಪರ್ರೇ ಇತ್ತು, ಅದ್ರಲ್ಲಿ ಬೆರಳಲ್ಲಿ ಎಣಿಸೋಕೆ ಆಗಲ್ಲ, ಸೀಲು ಗೆರೆ ಮೇಲೆ ಬಿದ್ರೆ ಕಷ್ಟ. ಅದಕ್ಕೆ ಸಂಗಾತಿ ಬೇಕೇ ಬೇಕು. ಯಾರು ಅನ್ನೋದನ್ನ ಮಾತ್ರ ನಿಮ್ಮ ತಂದೆ ಹೇಳ್ಬೇಕು. ನೀವೂ ಅಲ್ಲ, ನಿಮ್ಮಣ್ಣನೂ ಅಲ್ಲ.

ಖಾರಪುಡಿ:

ಮೇಷ್ಟ್ರೆ ಇದು ಉಪಯೋಗದ ಮಾತು. ನಮ್ಮ ಅಜ್ಜಿಗೂ ಹೇಳ್ತೀನಿ. 75ರ ಮಾತು ವಾಪಸ್ ತಗೊಳಲ್ಲ ಆದ್ರೂ.

ಸೊರಬದ ಕಿರಿಮಗ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ವೀಕೆಂಡ್ ಊರಿಗೆ ಹೋಗಿ ಅಪ್ಪನ ಹತ್ರ ಸಾವಕಾಶ ಕೂತು ಮಾತಾಡಿದೆ, ಅಣ್ಣ ಔಷಧಿ ಹೊಡಿಸೋಕೆ ತೋಟಕ್ಕೆ ಹೋಗಿದ್ದ, ಎಲೆಚುಕ್ಕೆ ರೋಗ ನಮ್ಮ ಕಡೆನೂ ಬಂದಿದೆ.

2004ರ ವಿಷಯ ಕೇಳಿದೆ. ಅವತ್ತು ಒಂದೇ ದಿನ ಎರಡು ವೋಟು, ಲೋಕಸಭೆಗೆ ಬಂಗಾರಪ್ಪ ಬಿಜೆಪಿಯಿಂದ, ಸೊರಬ ಅಸೆಂಬ್ಲಿಗೆ ಕುಮಾರ್ ಕಾಂಗ್ರೆಸ್ಸಿಂದ, ಮಧು ಬಿಜೆಪಿಯಿಂದ, ಅಣ್ಣ ತಮ್ಮ ಎದುರು ಬದುರು. ಅಪ್ಪ ಹೇಳಿದ್ರು, ಮೊದಲನೇ ಮಷೀನಲ್ಲಿ ಸೀದಾ ಒತ್ತಿದೆ, ಎರಡನೇದ್ರ ಮುಂದೆ ತುಂಬ ಹೊತ್ತು ನಿಂತೆ, ಹಿಂದಿಂದ ಬೇಗ ಯಜಮಾನ್ರೆ ಅಂತ ಕೂಗಿದ್ರು ಅಂತ. ಒಂದು ಮನೆ ಪಾಲಾದ್ರೆ ನೆಂಟ್ರು ಯಾರ ಕಡೆ ಕೂತು ಊಟ ಮಾಡ್ಬೇಕು ಹೇಳು ಅಂದ್ರು. ಕುಮಾರ್ ಗೆದ್ರು ಆವಾಗ. ಅಪ್ಪ ಯಾರಿಗೆ ಹಾಕಿದ್ದು ಅಂತ ನಾನು ಕೇಳಿದೆ, ಹೇಳ್ಲಿಲ್ಲ. ಆದ್ರೆ ಆ ಮನುಷ್ಯನ ಮೇಲಿನ ಪ್ರೀತಿ ಮಕ್ಕಳಿಗೆ ಪಾಲು ಹಂಚೋಕೆ ಬರಲ್ಲ ಅನ್ನೋದು ಅವತ್ತೇ ಅವ್ರಿಗೆ ಅನ್ಸಿದೆ, ಹಂಗಂತ ಬಾಯಿ ಬಿಟ್ಟು ಹೇಳ್ಲಿಲ್ಲ, ನನ್ನ ಊಹೆ.

ಹಂಗಾದ್ರೆ 2024ರಲ್ಲಿ ಕಮಲ ಯಾಕೆ ಅಂದೆ. ಕಿಸಾನ್ ಸಮ್ಮಾನ್ ದುಡ್ಡು ವರ್ಷಕ್ಕೆ ಮೂರು ಸಲ ಎರಡೆರಡು ಸಾವಿರ ಬರುತ್ತಲ್ಲ, ಯಡಿಯೂರಪ್ಪ ಇದ್ದಾಗ ಅದಕ್ಕೆ ರಾಜ್ಯದ್ದು ನಾಲ್ಕು ಸಾವಿರ ಸೇರ್ತಿತ್ತು, ಅದನ್ನ ಹೇಳಿದ್ರು. ಶಿವಮೊಗ್ಗಕ್ಕೆ ವಿಮಾನ ಬಂತು ಅಂದ್ರು, ಅಪ್ಪ ವಿಮಾನದಲ್ಲಿ ಎಲ್ಲಿಗೆ ಹೋಗೋದಿದೆಯೋ ಗೊತ್ತಿಲ್ಲ. ರಾಮಮಂದಿರ ಅಂದ್ರು. ಬಂಗಾರಪ್ಪ ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಫ್ರೀ ಕೊಟ್ಟಿದ್ದು ಮರ್ತಿದೀಯಾ ಅಂತ ನಾನು ಸುಮ್ನೆ ಕೆಣಕಿದೆ. ಮರೆತಿಲ್ಲ, ಅದಕ್ಕೆ 2009ರವರೆಗೆ ಹಾಕಿದೀನಲ್ಲ ಅಂದ್ರು. ರಾಶಿ ಇಡಿ ಅವ್ರ ಅಪ್ಪ ಹೇಳಿದ ಹಂಗೇ, ಋಣದ ಲೆಕ್ಕ. ಈ ವಯಸ್ಸಿನವ್ರೆಲ್ಲ ಎಲ್ಲೋ ಒಂದು ಕಡೆ ಸೇರಿ ಮಾತಾಡ್ಕೊಂಡಿದಾರಾ?

ಶಿಕಾರಿಪುರದ ಸೊಸೆ ಅವ್ರೆ, ಅಮ್ಮನ್ನೂ ಕೇಳಿದೆ. ಅಡಿಗೆ ಮನೆಯಿಂದಲೇ ನಿಂಗ್ಯಾಕೆ ಅಂದ್ರು. ಗೃಹಲಕ್ಷ್ಮಿ ಎರಡು ಸಾವಿರ ಅಮ್ಮನ ಅಕೌಂಟಿಗೆ ಬರುತ್ತೆ, ಫ್ರೀ ಬಸ್ಸಲ್ಲಿ ಸಂಘದ ಹೆಂಗಸ್ರ ಜೊತೆ ಓಡಾಡ್ಕೊಂಡು ಬಂದಿದಾರೆ, ಹಂಗಾಗಿ ಕೈ ಇರ್ಬೇಕು ಅಂತ ನಾನು ಲೆಕ್ಕ ಹಾಕಿದ್ದೆ. ಆದ್ರೆ ಅಣ್ಣ ಗ್ಯಾರಂಟಿ ಕಾರ್ಡ್ ಹಿಡ್ಕೊಂಡು ಭಾಷಣ ಶುರು ಮಾಡಿದ್ರೆ ಅಮ್ಮ ಎದ್ದು ಕೊಟ್ಟಿಗೆಗೆ ಹೋಗ್ತಾರೆ. ಕಣ್ಣು ಚೆನ್ನಾಗಿ ಕಾಣುತ್ತೆ ಅವ್ರಿಗೆ, ಯಾರೂ ಜೊತೆಗೆ ಹೋಗಿಲ್ಲ ಇಲ್ಲಿವರೆಗೆ, ಯಾರಿಗೂ ಏನೂ ಗೊತ್ತಿಲ್ಲ.

ಸಂಗಾತಿ ವಿಷಯ ಬಗೆಹರಿದಿದೆ ಅನ್ಸುತ್ತೆ. ಮೇಷ್ಟ್ರು ಬರೆದಿದ್ದನ್ನ ಅಪ್ಪಂಗೆ ಓದಿ ಹೇಳಿದೆ, ಎರಡು ಸಲ ಓದ್ಸಿದ್ರು. ಬೆರಳಲ್ಲಿ ಎಣಿಸೋ ಉಪಾಯ ಬಹಳ ಹಿಡಿಸ್ತು, ಮುಂದಿನ ಅಸೆಂಬ್ಲಿಗೆ ಹಂಗೇ ಮಾಡ್ತೀನಿ ಅಂದ್ರು, ಅಲ್ಲಿವರೆಗೆ ಇರ್ತಾರೆ ಅನ್ನೋದ್ರಲ್ಲಿ ಅವ್ರಿಗೆ ಏನೂ ಸಂಶಯ ಇಲ್ಲ. ಪಂಚಾಯ್ತಿಗೆ ಬ್ಯಾಲೆಟ್ ಪೇಪರ್ ಆದ್ರೆ ಅಣ್ಣನ ಮಗಳು ಬರ್ಲಿ ಅಂದ್ರು. ಅವ್ಳಿಗೆ ಈಗಷ್ಟೇ 18 ತುಂಬಿದೆ, ಸಾಗರದಲ್ಲಿ ಡಿಗ್ರಿ ಮೊದಲನೇ ವರ್ಷ. ಅಣ್ಣಂಗೆ ಹೇಳಿದ್ರೆ ಅವನ ಮುಖ ನೋಡ್ಬೇಕಿತ್ತು, ಮಗಳು ತಾನೇ ನಮ್ಮ ಕಡೆ ಅಂತ ಕುಷಿ ಪಡಬೇಕೋ, ಮಗಳು ತನಗೆ ಹೇಳಲ್ಲ ಅಂತ ಬೇಜಾರು ಪಡಬೇಕೋ ಗೊತ್ತಾಗ್ದೆ ನಿಂತಿದ್ದ. ಅವ್ಳ ಹೆಸರು ಇನ್ನೂ ವೋಟರ್ ಲಿಸ್ಟಲ್ಲಿ ಇಲ್ಲ, ಅದಕ್ಕೇನಾದ್ರೂ ತೊಂದ್ರೆ ಇದೆಯಾ ಮೇಷ್ಟ್ರೆ?

ಆಗುಂಬೆ ಮಳೆ:

ಮೊಮ್ಮಗಳು ಯಾರ ಕಡೆ ಅಂತ ಯಾರಾದ್ರೂ ಕೇಳಿದ್ರಾ?

ಸೊರಬದ ಕಿರಿಮಗ:

ಕೇಳಿದ್ವಿ. ಇಯರ್‌ಫೋನ್ ಹಾಕ್ಕೊಂಡ್ಲು.

ನಿವೃತ್ತ ಮೇಷ್ಟ್ರು:

ಸಂಗಾತಿ ಆಗೋಕೆ 18 ತುಂಬಿದ್ರೆ ಸಾಕು, ಪಟ್ಟಿಲಿ ಹೆಸರು ಇಲ್ದಿದ್ರೂ ನಡೆಯುತ್ತೆ, ವಯಸ್ಸಿಗೆ ಏನಾದ್ರೂ ದಾಖಲೆ ಕೈಯಲ್ಲಿ ಇಟ್ಕೊಳ್ಳಲಿ. ಆದ್ರೆ ಪಟ್ಟಿಗೆ ಹೆಸರು ಸೇರಿಸೋ ಫಾರಂ 6 ಈಗ್ಲೇ ಹಾಕ್ಸಿ. ಮೊದಲು ಜನವರಿ 1ಕ್ಕೆ ಮಾತ್ರ ವಯಸ್ಸು ಲೆಕ್ಕ ಹಿಡೀತಿದ್ರು, ಈಗ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕೂ ನಡೆಯುತ್ತೆ. ಪಂಚಾಯ್ತಿ ಪಟ್ಟಿ ತಯಾರಾಗೋದು ಅಸೆಂಬ್ಲಿ ಪಟ್ಟಿ ಮೇಲೆ, ಅದು ಫೈನಲ್ ಆಗೋ ಮುಂಚೆ ಹೆಸರು ಸೇರಿದ್ರೆ ಅಜ್ಜನ ಜೊತೆ ಹೋದವ್ಳು ಅವಳ ವೋಟೂ ಹಾಕಿ ಬರಬಹುದು. ಬೂತಲ್ಲಿ ಮಾತ್ರ ನಿಮ್ಮ ತಂದೆಗೆ ಹೇಳಿ, ಸ್ವಲ್ಪ ಮೆಲ್ಲಗೆ ಕೇಳಿ ಅಂತ.